ನೀರಿನ ಹೊತ್ತು

ಶಿವಮೊಗ್ಗದ ಈ ಓಣಿಗೆ ನಲ್ಲಿ ಬರುವುದು ದಿನಬಿಟ್ಟು ದಿನ,
ಬೆಳಗಿನ ನಾಲ್ಕೂವರೆಗೆ, ಮೊದಲೊಂದಿಷ್ಟು ಗಾಳಿ ಕೆಮ್ಮಿ.
ಕೊಡ, ಹಂಡೆ, ಡ್ರಮ್ಮು ತುಂಬಿದ ಮೇಲೆ
ಉಳಿದ ತುಂಗೆ ನನ್ನ ಮೂರು ಮಡಿಗೆ:
ಹರಿವೆ, ಬದನೆ,
ಮತ್ತೆ ಏನು ಹಾಕಿದರೂ ಏಳದ ಆ ಮೂರನೆಯದು.

ಮೊದಲೆಲ್ಲ ಸಂಜೆ ಹಾಕುತ್ತಿದ್ದೆ,
ತೀರ್ಥಹಳ್ಳಿ ಎರಡು ಟ್ರಿಪ್ ಮುಗಿಸಿ, ಖಾಕಿ ಕಳಚುವ ಮೊದಲೇ.
ಮಣ್ಣು ಸೊರ್ರೆಂದು ಕುಡಿಯುವ ಸದ್ದು
ಚಿಲ್ಲರೆ ಜಗಳ ಕೇಳಿ ಕೇಳಿ ದಣಿದ ಕಿವಿಗೆ ಹಿತ.
ಬೆಳಗೆದ್ದರೆ ಹರಿವೆಯಲ್ಲಿ ಎಲೆಯಿಲ್ಲ, ಬರೀ ನರ.
ಕಟ್ಟೆಯ ಮೇಲೆ ಬೆಳ್ಳಿ ಗೆರೆ,
ತಿಂದವರು ಸಹಿ ಹಾಕಿ ಹೋದ ಹಾಗೆ.

ಆಫ್ರಿಕಾದ ಬಸವನಹುಳು. ಮುಷ್ಟಿ ಗಾತ್ರ.
ಉಪ್ಪು ಚೆಲ್ಲಮ್ಮ, ಎಂದರು ಮೇಲಿನ ಮನೆಯ ಚನ್ನವೀರಪ್ಪ ಮೇಷ್ಟ್ರು.
ಸೋಮವಾರ ಬೇಡ, ಎಂದರು ಅವರ ಹೆಂಡತಿ,
ಹೆಸರಲ್ಲೇ ಬಸವಣ್ಣ ಇದ್ದಾನೆ.
ಮಂಗಳವಾರ ಚೆಲ್ಲಿದೆ.
ನೊರೆ ಉಕ್ಕಿತು. ನೋಡಬಾರದಿತ್ತು, ನೋಡಿದೆ.
ಆಮೇಲೆ ಅಲ್ಲಿ ಎರೆಹುಳುವೂ ಇಲ್ಲ,
ಒಡೆದ ಮಡಕೆಯಡಿ ವರ್ಷದಿಂದ ಬಾಡಿಗೆ ಕೊಡದೆ ಕೂತಿದ್ದ
ನೆಲಗಪ್ಪೆಯೂ ಇಲ್ಲ.
ಮೂರನೆಯ ಮಡಿ ಅದೇ.

ಸಕೀನಾಬಿ ಗೋಡೆಯಾಚೆಯಿಂದ ನಕ್ಕಳು:
ಎಲೆ ನೀನೇ ಹಾಕಿ, ನೀರು ನೀನೇ ಬಡಿಸಿ
ಉಂಡವರನ್ನು ಬೈತೀಯಲ್ಲ, ಕಂಡಕ್ಟ್ರಮ್ಮ!
ರಾತ್ರಿ ನೆಲ ಹಸಿಯಿದ್ದರೆ ಅವಕ್ಕೆ ರಸ್ತೆ ಹಾಕಿ ಕೊಟ್ಟ ಹಾಗೆ.
ಬೆಳಿಗ್ಗೆ ಹಾಕು. ಬುಡಕ್ಕೆ ಮಾತ್ರ, ಚೊಂಬಿನಲ್ಲಿ.
ಕೈಗೆ ಹಾಲಿನ ಕವರು ಸುತ್ತಿ
ಸಿಕ್ಕಿದ್ದನ್ನು ಡಾಲ್ಡಾ ಡಬ್ಬಿಗೆ ಹಾಕಿ ಕೊಡು,
ನನ್ನ ಬಾತುಕೋಳಿಗಳು ಕೇಳಿವೆ.

ಈಗ ಡಬ್ಬಿಗೆ ಎರಡು ಮೊಟ್ಟೆ. ಲೆಕ್ಕ ಬಾಯಲ್ಲೇ.

ಆದರೆ ಹುಳುವಿಗೆ ಒಣಗಿದ ಸಂಜೆ
ಕಪ್ಪೆಗೂ ಒಣಗಿದ್ದೇ ಅಲ್ಲವೆ?
ಅದಕ್ಕೆಂದು ಮೂಲೆಯಲ್ಲೊಂದು ಹೆಂಚು ಮಗುಚಿ
ಕೆಳಗೆ ಅರ್ಧ ಚೊಂಬು ಸುರಿಯುತ್ತೇನೆ:
ಮೀಸಲು ಸೀಟು.
ಕೂರುವವರು ಯಾರೆಂದು ನಾನು ಹೇಳಬಲ್ಲೆನೆ?
ಮೊದಲ ವಾರ ಬಸವನಹುಳು.
ಎರಡನೆಯ ವಾರವೂ ಬಸವನಹುಳು,
ಜೊತೆಗೊಂದು ಕಪ್ಪು ಹುಳ, ಪಟ್ಟಿಪಟ್ಟಿ ಬೆನ್ನು,
ಚಿಪ್ಪಿನೊಳಗೆ ತಲೆ ಹುದುಗಿಸಿ
ಅದನ್ನೇ ತಿನ್ನುತ್ತಿತ್ತು, ಅವಸರವಿಲ್ಲದೆ.

ಅಂಥವನ್ನು ಎಷ್ಟು ತುಳಿದಿದ್ದೇನೋ,
ಕಂಬಳಿಹುಳುವಿನ ತಂಗಿಯಿರಬೇಕು ಎಂದುಕೊಂಡು.
ಮಿಂಚುಹುಳದ ಮರಿ ಅದು, ಎಂದರು ಮೇಷ್ಟ್ರು
ಕನ್ನಡಕ ಒರೆಸುತ್ತ.
ಉಪ್ಪಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ನಿನ್ನೆ ಕರೆಂಟು ಹೋದಾಗ ಮೆಟ್ಟಿಲ ಮೇಲೆ ಕೂತು ಕಾದೆ.
ನನ್ನ ಹಿತ್ತಿಲಲ್ಲಿ ಇನ್ನೂ ಏನೂ ಹೊತ್ತಿಲ್ಲ.
ಮಡಕೆಯ ಬಾಡಿಗೆದಾರನೂ ಮರಳಿಲ್ಲ.
ನಾಳೆ ನಲ್ಲಿಯ ದಿನ,
ಅಲಾರಂ ನಾಲ್ಕೂ ಇಪ್ಪತ್ತಕ್ಕೆ.