ಹಿಂದೆ ಮುಂದೆ ನೋಡದೆ

ಹರಾಜಿನಲ್ಲಿ ಗುಜರಿಗೆ ಹೋಗಬೇಕಿದ್ದ ರೋಲರು,
ಲಾಜರಪ್ಪ ಕೊಂಡ, ನಿವೃತ್ತಿಯ ಗಂಟು ಬಿಚ್ಚಿ.
ಹಾಸನದಿಂದ ಕಡೂರಿಗೆ ಇದರಲ್ಲೇ ಹೋಗ್ತೀನಿ ಅಂದ,
ದಾರಿಯುದ್ದಕ್ಕೂ ಡಬ್ಬಿ ಅಲ್ಲಾಡಿಸುತ್ತ,
ಒಂದು ಡಯಾಲಿಸಿಸ್ ಯಂತ್ರಕ್ಕೆ.

ನಾನು ಮುಂದೆ, ಕೆಂಪು ಬಾವುಟ ಹಿಡಿದು.
ನಡೆಯುವವನೇ ಆಗಾಗ ನಿಂತು ಕಾಯಬೇಕು,
ಅಂಥ ವೇಗ ನಮ್ಮದು.
ದುದ್ದದ ತನಕ ಒಂದು ನಾಯಿ ಜೊತೆಗೆ ಬಂತು,
ಆಮೇಲೆ ಅದಕ್ಕೂ ಬೇಜಾರಾಯಿತು.

ಮೊದಲ ದಿನದ ಲೆಕ್ಕ:
ಡೀಸೆಲ್ಲಿಗೆ ಎರಡು ಸಾವಿರದ ನೂರು,
ಡಬ್ಬಿಯಲ್ಲಿ ಒಂಬೈನೂರ ನಲವತ್ತು
ಮತ್ತು ಒಂದು ಅಂಗಿಯ ಗುಂಡಿ.
"ಆ ಎಣ್ಣೆ ದುಡ್ಡನ್ನೇ ಕೊಟ್ಟುಬಿಡಬಾರದಿತ್ತೇನಯ್ಯಾ?"
ಟೀ ಅಂಗಡಿಗಳಲ್ಲೆಲ್ಲ ಇದೇ ಪ್ರಶ್ನೆ.
ನನ್ನ ನಾಲಿಗೆ ತುದಿಯಲ್ಲೂ ಅದೇ ಇತ್ತು.
ಲಾಜರಪ್ಪ ಬನ್ನು ಅದ್ದಿ ತಿಂದ.

ಹಾರನಹಳ್ಳಿ ಏರಿನಲ್ಲಿ ಇಂಜಿನ್ನು ಕಾದು
ಆಲದ ನೆರಳಿಗೆ ಕೂತಾಗ ತಾನಾಗಿ ಬಾಯಿಬಿಟ್ಟ:
"ಈ ರಸ್ತೆ ಹಾಕಿದ್ದು ನಾನೇ, ತೊಂಬತ್ತೊಂದರಲ್ಲಿ.
ನೂರು ಗಜ ಮುಂದೆ, ನೂರು ಗಜ ಹಿಂದೆ,
ಮತ್ತೆ ಮುಂದೆ, ಮತ್ತೆ ಹಿಂದೆ.
ಮೂವತ್ನಾಕು ವರ್ಷ ಗಾಡಿ ಓಡಿಸಿದೆ ಕಣೋ,
ಯಾವೂರಿಗೂ ಹೋಗಲಿಲ್ಲ."

ಆಮೇಲೆ ಸೇವಂತಮ್ಮನ ಮಾತು ತೆಗೆದ.
ಅವನ ಗ್ಯಾಂಗಿನಲ್ಲಿ ಜಲ್ಲಿ ಹರಡುತ್ತಿದ್ದವಳು.
ಈಗ ಮಂಗಳವಾರ, ಶುಕ್ರವಾರ ನಸುಕಿನ ಬಸ್ಸು,
ಕಡೂರಿಂದ ಹಾಸನ,
ರಕ್ತ ತೊಳೆಸಿಕೊಂಡು ಹಾಸನದಿಂದ ಕಡೂರು.
ನಾನು ಏನೂ ಅನ್ನಲಿಲ್ಲ.
ಸಡಿಲಾಗದ ಬೋಲ್ಟೊಂದನ್ನು ಬಿಗಿ ಮಾಡಿದೆ.

ಅರಸೀಕೆರೆಯಲ್ಲಿ ದುಡ್ಡಿಗಿಂತ ತೆಂಗಿನಕಾಯಿ ಜಾಸ್ತಿ.
ಮಂಡಿಯ ರುದ್ರಯ್ಯ ಅಷ್ಟನ್ನೂ ಕೊಂಡ,
ಕಾಯಿಗೆ ಎಂಟಾಣೆ ಬಿಡದೆ ಚೌಕಾಸಿ ಮಾಡಿ.
ದುಡ್ಡು ಎಣಿಸಿ ಕೊಟ್ಟಮೇಲೆ
ಕಾಯಿಗಳನ್ನೆಲ್ಲ ಮತ್ತೆ ರೋಲರಿಗೇ ಹೇರಿಸಿದ:
"ಬಾಣಾವರದಲ್ಲಿ ಇನ್ನೊಂದು ಸಲ ಮಾರಿಕೊಳ್ಳಿ."

ಬಾಣಾವರ ದಾಟಿದ ಮಂಗಳವಾರ
ಎದುರಿಂದ ಬಂದ ಬಸ್ಸು ನಿಧಾನಿಸಿತು.
ಕಿಟಕಿಯಲ್ಲಿ ಒಂದು ಊದಿದ ಕೈ,
ಹತ್ತರ ನೋಟು.
ಯಾರೆಂದು ನೋಡುವಷ್ಟರಲ್ಲಿ ಬರೀ ಧೂಳು.
ಲಾಜರಪ್ಪ ಹಾರನ್ನು ಒತ್ತಿದ, ಒತ್ತಿಯೇ ಇದ್ದ.
ಅದು ಕೆಟ್ಟು ವರ್ಷಗಳಾಗಿದ್ದವು.

ಒಂಬತ್ತನೆಯ ದಿನ, ಕಡೂರು.
ಆಸ್ಪತ್ರೆಯ ಗೇಟಿನಲ್ಲಿ ಉರುಳೆ ಹಿಡಿಸಲಿಲ್ಲ.
ಯಂತ್ರದ ಬೆಲೆಯಲ್ಲಿ ಕಾಲುಭಾಗವೂ ಕೂಡಿರಲಿಲ್ಲ.
ಡಾಕ್ಟರು ರಸೀದಿ ಬರೆದರು,
ಗುಂಡಿಯೊಂದನ್ನು ವಾಪಸು ಕೊಟ್ಟರು.

ಲಾಜರಪ್ಪ ಸೀಟು ಹತ್ತಿದ.
ಕೈ ಅಭ್ಯಾಸದಂತೆ ರಿವರ್ಸಿಗೆ ಹೋಯಿತು,
ಮುಟ್ಟಿತು, ಅಲ್ಲೇ ನಿಂತಿತು.
"ಬೀರೂರು ಎಷ್ಟು ದೂರ?"
"ಆರು ಕಿಲೋಮೀಟರು."

ಸುತ್ತಿಟ್ಟ ಬಾವುಟ ಬಿಚ್ಚಿದೆ.