ನಾತದ ಲೆಕ್ಕ

ಮೈನಸ್ ಎಂಬತ್ತರ ಪೆಟ್ಟಿಗೆಯಿಂದ ತೆಗೆದಾಗ
ಅದು ಮೀನಿನಂತಿರಲಿಲ್ಲ.
ಹೆಪ್ಪುಗಟ್ಟಿದ ಗಂಜಿ, ನಸುಗುಲಾಬಿ,
ಮುಖ ಇನ್ನೂ ಮೂಡಬೇಕಾದ ಕೂಸು.
ಚೀಟಿಯ ಮೇಲೆ ಹಸಿಂತೋನ ಕೋಳಿಕಾಲಿನ ಅಕ್ಷರ:
ಅಟಕಾಮಾ ಕಂದಕ. ಏಳು ಸಾವಿರದ ಆರುನೂರು ಮೀಟರ್.
ಬಲಬದಿಯ ಸ್ನಾಯು.

ಕಿಟಕಿಯಾಚೆ ಆಂಟೋಫಗಾಸ್ತಾ, ಹುರಿಗಡಲೆ ಬಣ್ಣದ ಬೆಟ್ಟ.
ಇಲ್ಲಿ ಮಳೆಯೆಂದರೆ
ಯಾರೋ ಯಾರಿಗೋ ಹೇಳಿದ ಗಾಳಿಸುದ್ದಿ.

ಇನ್ನೂರು ಮಿಲಿಗ್ರಾಂ ತೂಗುತ್ತೇನೆ.
ತಣ್ಣನೆಯ ಆಮ್ಲದಲ್ಲಿ ಅರೆಯುತ್ತೇನೆ.
ಗಿರ್ರನೆ ತಿರುಗಿ ನಿಂತ ಕೊಳವೆಯಿಂದ
ತಿಳಿಸಾರು ಬಸಿದಂತೆ
ಮೇಲಿನ ತಿಳಿಯನ್ನಷ್ಟೇ ಹೀರುತ್ತೇನೆ.
ಕೆಳಗೆ ಉಳಿದದ್ದು ಮಾಂಸ. ಅದು ಬೇರೆಯವರ ಲೆಕ್ಕ.

ಅಷ್ಟು ಆಳದಲ್ಲಿ ನೀರಿಗೆ ನೀರಿನ ಗುಣವಿಲ್ಲ.
ಹೆಬ್ಬೆರಳ ಉಗುರಿನ ಮೇಲೆ
ಒಂದು ಕಾರು ತಂದು ನಿಲ್ಲಿಸಿದಷ್ಟು ಭಾರ,
ಮೈಯ ಪ್ರತಿ ಉಗುರಗಲಕ್ಕೂ.
ಪ್ರೋಟೀನಿನ ಮಡಿಕೆಗಳು ನಜ್ಜುಗುಜ್ಜಾಗಬೇಕಿತ್ತು.
ಆಗುವುದಿಲ್ಲ.
ಸಂದಿಗೊಂದಿಯಲ್ಲಿ ಒಂದು ಪುಟ್ಟ ಅಣು ನಿಂತಿದೆ,
ಟ್ರೈಮೀಥೈಲಮೀನ್ ಆಕ್ಸೈಡ್:
ಸೊಂಟಕ್ಕೆ ಮೂರು ಮಕ್ಕಳನ್ನು ಕಟ್ಟಿಕೊಂಡ ಸಾರಜನಕ,
ತಲೆಯ ಮೇಲೆ ಆಮ್ಲಜನಕದ ಒಂದೇ ಒಂದು ಕೊಡ.

ಆಳಕ್ಕಿಳಿದಷ್ಟೂ ಅದು ಹೆಚ್ಚು.
ನಮ್ಮ ಕಾಗದದ ಮೇಲೆ ಗೆರೆ ನೆಟ್ಟಗೆ ಏರಿ
ಎಂಟು ಸಾವಿರದ ಚಿಲ್ಲರೆಯಲ್ಲಿ ಮುಗಿಯುತ್ತದೆ.
ಇನ್ನೂ ತುಂಬಿಕೊಂಡರೆ ಮೈಯೇ ಕಡಲಿಗಿಂತ ಗಾಢ,
ಕಾಯುವುದೇ ಮುಳುಗಿಸುತ್ತದೆ.

ಮೀನು ಸತ್ತ ಮೇಲೆ
ಕಣ್ಣಿಗೆ ಕಾಣದ ಹುಳುಗಳು ಬಂದು
ಆ ಕೊಡವನ್ನು ಇಳಿಸಿಕೊಳ್ಳುತ್ತವೆ.
ಉಳಿದದ್ದು ಹಾರುತ್ತದೆ, ಮೂಗಿಗೆ ಬಡಿಯುತ್ತದೆ.
ಅದರ ಹೆಸರು ಪುಸ್ತಕದಲ್ಲಿ ಕಲಿಯುವ ಮೊದಲೇ
ನನಗೆ ಅದು ಗೊತ್ತಿತ್ತು.

ಅಮ್ಮ, ನೋಲ್ಫಾ,
ಇಕಿಕೆಯ ಮೀನುಹಿಟ್ಟಿನ ಕಾರ್ಖಾನೆಯಲ್ಲಿ
ಹತ್ತೊಂಬತ್ತು ವರ್ಷ ಮೂಟೆ ಹೊಲಿದವಳು.
ಬಸ್ಸು ಹತ್ತಿದರೆ ಪಕ್ಕದ ಸೀಟು ತಾನಾಗಿ ಖಾಲಿ.
ಇದು ದುಡ್ಡಿನ ವಾಸನೆ ಎನ್ನುತ್ತಿದ್ದರು ಮಾಲೀಕರು;
ಅವರ ಮನೆಯಿದ್ದದ್ದು ಗಾಳಿ ಬೀಸುವ ಕಡೆಯಲ್ಲಲ್ಲ.
ದಿನಾ ಸಂಜೆ ಮೊಣಕೈವರೆಗೆ ನಿಂಬೆಹೋಳು ತಿಕ್ಕುತ್ತಿದ್ದಳು.
ಹುಳಿ ಅಮೀನನ್ನು ಕಟ್ಟಿಹಾಕುತ್ತದೆಂದು
ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಶಾಲೆಯ ಸಭೆಗೆ ನೀನು ಬರಬೇಡ ಅಂದೆ.
ಹನ್ನೊಂದು ವರ್ಷ ನನಗೆ.
ಅವಳು ದಾರ ಕಚ್ಚಿ ತುಂಡರಿಸಿ,
'ನೆಗಡಿ ಅಂತ ಹೇಳು,' ಅಂದಳು.
ನನ್ನ ಸುಳ್ಳನ್ನೂ ಅವಳೇ ಹೊಲಿದುಕೊಟ್ಟಳು.

ಮಧ್ಯಾಹ್ನ ಕರೆಂಟು ಹೋಗಿ ಬಂದು
ಹದಿನಾಲ್ಕನೇ ಮಾದರಿ ಮರೆತು ಹೊರಗೇ ಉಳಿಯಿತು.
ನಾಲ್ಕು ಗಂಟೆಗೆ ಹಸಿಂತೋ ಮೂಗು ಸೊಟ್ಟ ಮಾಡಿ
ಕಿಟಕಿ ತೆರೆದ.
'ಕೆಟ್ಟಿದೆ, ಬಿಸಾಡುವುದು' ಎಂದು ಬರೆದು, ದಿನಾಂಕ ಹಾಕಿ,
ಸಹಿ ಮಾಡಿದ ಮೇಲೂ
ಮುಚ್ಚಳ ಹಾಕದೆ ಕೈಯಲ್ಲೇ ಹಿಡಿದುಕೊಂಡಿದ್ದೆ.

ರಾತ್ರಿ ಫೋನಿನಲ್ಲಿ ಎಲ್ಲ ಹೇಳಿದೆ:
ಕಂದಕ, ಕಾರಿನ ಭಾರ, ತಲೆಯ ಮೇಲಿನ ಕೊಡ.
ಹಿಂದೆ ಟಿವಿ ಜೋರಾಗಿತ್ತು, ಯಾರೋ ಗೋಲು ಹೊಡೆದರು.
'ಅಷ್ಟು ಕೆಳಗಿನ ಮೀನು,' ಅಂದಳು ಅಮ್ಮ,
'ಹುರಿದರೆ ರುಚಿಯಾಗಿರುತ್ತಾ?'

ಗೊತ್ತಿಲ್ಲಮ್ಮ.
ನಮ್ಮ ತಖ್ತೆಯಲ್ಲಿ ಆ ಕಾಲಮ್ಮೇ ಇಲ್ಲ.