ಕೆಂಪು, ನೀಲಿ, ಹಳದಿ

ರಾತ್ರಿ ಹತ್ತಾದರೂ ಗುಳೇದಗುಡ್ಡದಲ್ಲಿ
ಒಂದೆರಡು ಮಗ್ಗ ಇನ್ನೂ ನಿಂತಿಲ್ಲ.
ಮುಂದೆ ನಲವತ್ತೊಂದು ಉತ್ತರಪತ್ರಿಕೆ,
ಎಲ್ಲಕ್ಕೂ ಮೇಲೆ ದಾಕ್ಷಾಯಣಿ ಉಂಕಿಯದು.
ಐದನೆಯ ಪ್ರಶ್ನೆಗೆ ಅರ್ಧ ಪುಟ ಲೆಕ್ಕ, ಕೊನೆಗೆ
‘ಉತ್ತರ ಇಲ್ಲ’ ಎಂದು ಬರೆದು
ಎರಡು ಗೆರೆ ಎಳೆದಿದ್ದಾಳೆ,
ಬಾಗಿಲಿಗೆ ಅಗಳಿ ಹಾಕಿದಂತೆ.

ಪ್ರಶ್ನೆ ನನ್ನದೇ.
ಹಳೆಯ ಬೀಜಗಣಿತದವರು ಗೊತ್ತಿಲ್ಲದ್ದಕ್ಕೆ
ಬಣ್ಣದ ಹೆಸರಿಡುತ್ತಿದ್ದರಂತೆ. ನೇಕಾರರ ಮಕ್ಕಳಿಗೆ
ಅದೇ ಸಲೀಸೆಂದು ನಾನೂ ಇಟ್ಟೆ.
ಕೆಂಪಿನ ವರ್ಗಕ್ಕೆ ನೀಲಿ ಹಳದಿಯ ಗುಣಲಬ್ಧ ಕೂಡಿಸಿದರೆ ಹದಿನೆಂಟು.
ನೀಲಿಯ ವರ್ಗಕ್ಕೆ ಹಳದಿ ಕೆಂಪಿನದು, ಹದಿನೆಂಟು.
ಹಳದಿಯ ವರ್ಗಕ್ಕೆ ಉಳಿದೆರಡರದು, ಅದೂ ಅಷ್ಟೇ.
ಬಣ್ಣ ಅದಲುಬದಲು ಮಾಡಿ ನೋಡಿ,
ಕುಪ್ಪಸದ ಕಣ ತಿರುವಿ ಹಿಡಿದಂತೆ
ಚಿತ್ತಾರ ಕೆಡುವುದಿಲ್ಲ.

ಮೊದಲ ಸಾಲಿನಿಂದ ಎರಡನೆಯದನ್ನು ಕಳೆದಿದ್ದಾಳೆ, ಜಾಣೆ.
ಹದಿನೆಂಟು ಹದಿನೆಂಟನ್ನು ನುಂಗಿತು.
ಕೆಂಪಿನಲ್ಲಿ ನೀಲಿ ಕಳೆದದ್ದು ಒಂದು ಆವರಣ,
ಕೆಂಪು ನೀಲಿ ಕೂಡಿ ಹಳದಿ ಕಳೆದದ್ದು ಇನ್ನೊಂದು,
ಗುಣಿಸಿದರೆ ಸೊನ್ನೆ.
ಅಲ್ಲೇ ಹುಡುಗಿ ಕತ್ತರಿ ಹಾಕಿದಳು:
ಮೊದಲ ಆವರಣದ ಮೇಲೆ ಓರೆ ಗೆರೆ.
ಮೂರು ಸಲವೂ ಹಾಗೆಯೇ.
ಆಮೇಲೆ ಒಂದೊಂದೂ ಉಳಿದೆರಡರ ಮೊತ್ತವಾಗಿ,
ಒಟ್ಟು ಮೊತ್ತ ತನಗೆ ತಾನೇ ಇಮ್ಮಡಿಯಾಗಿ,
ಎಲ್ಲವೂ ಸೊನ್ನೆಯಾಗಿ,
ಸೊನ್ನೆ ಹದಿನೆಂಟಕ್ಕೆ ಸಮ ಎಂಬಲ್ಲಿ
ಪೆನ್ನು ಒತ್ತಿ ನಿಂತಿದೆ.

ಉತ್ತರ ಇದ್ದವು ತಂಗಿ, ಎಂಟು.
ಮೂರು ಮೂರು ಮೂರು ಬರಲಿ ಎಂದೇ
ಹದಿನೆಂಟನ್ನು ಆರಿಸಿದ್ದೆ.

“ಇನ್ನೂ ಮಲಗಿಲ್ಲೇನ?”
ತುಳಸಕ್ಕ ಚಹಾ ತಂದಿಟ್ಟಳು.
ಮೂರನೆತ್ತೆ ತನಕ ಓದಿದವಳು,
ಕಂಡಿಕೆ ಸುತ್ತುತ್ತ ನನ್ನ ಪಾಠವೆಲ್ಲ ಕೇಳಿದವಳು.
ಹೇಳಿದೆ.
“ಮೂವರಿಗೂ ಮೈನಸ್ ಮೂರು ಅಂದ್ರ?”
“ಅದೂ ಸರಿ ಅಕ್ಕ.”
“ಹಂಗಾರ ಮೂವರಿಗೂ ಸಮ ಸಾಲ. ನಮ್ಮ ಮನಿ ಹಂಗ ಇತ್ತ ನೋಡ.”
ನಕ್ಕೆವು.
“ಮೂವರದೂ ಬ್ಯಾರೆ ಬ್ಯಾರೆ ಇದ್ರ?”
“ಬರೂದಿಲ್ಲ. ಬ್ಯಾರೆ ಅಂತ ಹಟ ಹಿಡದ್ರ
ಇಬ್ಬರು ಒಂದಾಗೇ ತೀರತಾರ.”
“ಮತ್ತ ಉಳಿದ ಆರು?”
“ಇಬ್ಬರಿಗೆ ನಾಕೂಕಾಲು, ಕೂದಲೆಳಿಯಷ್ಟು ಕಡಿಮಿ.
ಒಬ್ಬರಿಗೆ ಸೊನ್ನಿ.
ಸೊನ್ನಿ ಯಾರಿಗೆ ಅನ್ನೂದು ಮೂರು ಥರಾ,
ಪ್ಲಸ್ಸು ಮೈನಸ್ಸು ಹಿಡಿದು ಆರು.”
ಅಕ್ಕ ಮತ್ತೆ ಕೇಳಲಿಲ್ಲ,
ಬಸಿ ತೊಳೆಯಲು ಒಳಗೆ ಹೋದಳು.

ಈರಮ್ಮನ ಟಿಸಿಎಚ್ಚು, ನನ್ನ ಬಿಎಸ್ಸಿ,
ಎರಡೂ ಅದೇ ಕುಣಿಮಗ್ಗದಿಂದ ಎದ್ದು ಬಂದವು.
ಇಬ್ಬರಿಗೂ ಸರಿಸಮ.
ಹದಿನೆಂಟರ ವರ್ಗಮೂಲ, ಎಂದೂ ಪೂರ್ತಿ ಮುಗಿಯದ ದಶಮಾಂಶ.

ಸೊನ್ನೆಯನ್ನು ಹಳದಿಗೆ ಕೊಟ್ಟು ತಾಳೆ ನೋಡುತ್ತೇನೆ.
ಕೆಂಪಿನ ಸಾಲಿನಲ್ಲಿ ಗುಣಲಬ್ಧ ಅಳಿದು
ಕೆಂಪೊಂದೇ, ತನ್ನಿಂದ ತಾನೇ ಗುಣಿಸಿಕೊಂಡು ನಿಂತಿದೆ.
ನೀಲಿಯ ಸಾಲಿನಲ್ಲಿ ನೀಲಿಯೊಂದೇ.
ಹಳದಿಯ ಸಾಲಿಗೆ ಬಂದರೆ ಅಲ್ಲಿ ಹಳದಿಯಿಲ್ಲ,
ಕೆಂಪು ನೀಲಿ ಎರಡೂ ಜೊತೆಗಿವೆ.
ಬೇರೆಲ್ಲೂ ಅವು ಹಾಗೆ ಒಟ್ಟಿಗೆ ಉಳಿದಿಲ್ಲ.

ಈರಮ್ಮ ನನ್ನೊಂದಿಗೆ ಮಾತು ಬಿಟ್ಟು ಆರು ವರ್ಷ.
ದೀಪಾವಳಿಗೆ ಜಮಖಂಡಿಯಿಂದ ಬರುತ್ತಾಳೆ,
ಅಕ್ಕನ ಮಗ್ಗದ ಕಟ್ಟೆಯ ಆ ತುದಿಗೆ ಕೂರುತ್ತಾಳೆ,
ಈ ತುದಿಗೆ ನಾನು.
ಯಾವ ಆವರಣದ ಮೇಲೆ
ನಾವಿಬ್ಬರೂ ಅವಸರಕ್ಕೆ ಗೆರೆ ಎಳೆದೆವೋ.

ಐದಕ್ಕೆ ಮೂರು ಕೊಟ್ಟೆ.
ಓರೆ ಗೆರೆಯ ಪಕ್ಕ ಬರೆದೆ:
‘ಹೊಡೆದುಹಾಕುವ ಮೊದಲು ಕೇಳು, ಇದೇ ಸೊನ್ನೆ ಇರಬಹುದಾ?’
ಬರೆದು ಓದಿದರೆ
ಹುಡುಗಿಗೆ ಬರೆದಂತೆ ಕಾಣಲಿಲ್ಲ.

ಚಹಾ ಆರಿ ಕೆನೆಗಟ್ಟಿತ್ತು.
ಒಳಗಿನಿಂದ ಅಕ್ಕ,
“ಉಂಕಿಯವರ ಹುಡುಗಿ ಅಲ್ಲೇನ ಅಕಿ?
ನಾಳೆ ಮನೀಗೇ ಕರಿ, ಉಪ್ಪಿಟ್ಟು ಮಾಡತೇನಿ.
ಕುಂದರಿಸಿ ಹೇಳು.”